ಈಡಿಗೆ ಕಿವಿಗೊಡುವ ಗಡಿಯಾರ

ಕೊಡಗಿನಲ್ಲಿ ಹುತ್ತರಿಯ ಇರುಳು ಕದಿರು ತೆಗೆಯುವ ಮುಹೂರ್ತ ಬಂದೊಡನೆ ಕೋವಿಯ ಈಡೊಂದು ಹಾರುತ್ತದೆ. ಗದ್ದೆಯ ಬಯಲೆಲ್ಲ ಆ ಸದ್ದಿನಿಂದಲೇ ಸಮಯವನ್ನರಿಯುತ್ತದೆ. ಅಲ್ಲಿ ಕೋವಿಯೇ ಗಡಿಯಾರ. ಇಂದಿನ ಗುರಿಕಾರರ ಅಭ್ಯಾಸದ ಬಯಲಿನಲ್ಲಾದರೋ ಈ ಸಂಬಂಧ ತಲೆಕೆಳಗಾಗಿದೆ. ಈಡಿನ ಸದ್ದಿಗೆ ಕಿವಿಗೊಟ್ಟು ಗಡಿಯಾರವೊಂದು ಕ್ಷಣಗಳನ್ನು ಎಣಿಸಿಡುತ್ತದೆ. ಅದರ ಹೆಸರು ‘ಶಾಟ್ ಟೈಮರ್’.

ಅಂಗೈಯಗಲದ ಪೆಟ್ಟಿಗೆಯಿದು. ಗುಂಡಿಯನ್ನೊತ್ತಿದೊಡನೆ ಕೂಗುವುದಿಲ್ಲ, ಕೆಲವು ಸೆಕೆಂಡುಗಳ ಕಾಲ ಸುಮ್ಮನಿದ್ದು, ಪ್ರತಿ ಸಲವೂ ಬೇರೆ ಬೇರೆ ಅಂತರದಲ್ಲಿ ‘ಬೀಪ್’ ಎನ್ನುತ್ತದೆ. ಗುರಿಕಾರನು ಮುಂದಾಗಿ ಊಹಿಸಿ ಕೈಯೆತ್ತಬಾರದೆಂಬುದೇ ಇದರ ಉದ್ದೇಶ. ಕೂಗಿನಿಂದ ಮೊದಲ ಈಡಿನವರೆಗಿನ ಕಾಲ, ಈಡು ಈಡುಗಳ ನಡುವಣ ಕಾಲ, ಒಟ್ಟು ಕಾಲ—ಇವನ್ನು ಸೆಕೆಂಡಿನ ನೂರರಲ್ಲೊಂದು ಪಾಲಿನವರೆಗೆ ಅದು ತೋರಿಸುತ್ತದೆ. ಕೈಗಡಿಯಾರ ಹಿಡಿದು ನಿಂತ ಮನುಷ್ಯನಿಂದ ಈ ಕೆಲಸ ಆಗದು. ಸದ್ದು ಕೇಳಿ ಬೆರಳಾಡಿಸುವಷ್ಟರಲ್ಲಿಯೇ ಸೆಕೆಂಡಿನ ಐದರಲ್ಲೊಂದು ಪಾಲು ಕಳೆದುಹೋಗಿರುತ್ತದೆ.

ತುಂಗಭದ್ರೆಯ ದಂಡೆಯ ದಢೇಸುಗೂರಿನಲ್ಲಿ ಇಂತಹ ಯಂತ್ರವನ್ನು ಕೊಳ್ಳಬಯಸಿದ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಭತ್ತದ ಬೆಳೆ ಮಾರಿದ ಹಣ ಕೈಯಲ್ಲಿದೆ. ಜಾಹೀರಾತಿನ ಚಿತ್ರ ಕಣ್ಣಲ್ಲಿದೆ. ಸೈನ್ಯದಲ್ಲಿ ದುಡಿದು ಊರಿಗೆ ಮರಳಿದ ಆತನ ಕಾಕಾ ಕೇಳುವ ಮೊದಲ ಪ್ರಶ್ನೆ ಒಂದೇ: “ತಮ್ಮಾ, ನೀ ಯಾವ ಪಂದ್ಯಕ್ಕ ಹೋಗಾಂವ?”

ಪ್ರಶ್ನೆ ಸಣ್ಣದಲ್ಲ. ಹತ್ತು ಮೀಟರಿನ ಏರ್ ಪಿಸ್ತೂಲು ಪಂದ್ಯದಲ್ಲಿ 60 ಈಡುಗಳಿಗೆ 75 ನಿಮಿಷಗಳ ಅವಕಾಶವುಂಟು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದುದು ಈ ಪಂದ್ಯದಲ್ಲಿಯೇ. ಇಲ್ಲಿ ಬೇಕಾದುದು ತಾಳ್ಮೆ, ಟೈಮರ್ ಅಲ್ಲ. 25 ಮೀಟರಿನ ರ‍್ಯಾಪಿಡ್ ಫೈರ್ ಪಂದ್ಯದಲ್ಲಿ ಐದು ಈಡುಗಳನ್ನು ಕ್ರಮವಾಗಿ 8, 6, 4 ಸೆಕೆಂಡುಗಳೊಳಗೆ ಹಾರಿಸಬೇಕು. ಆದರೆ ಅಲ್ಲಿ ಕಾಲವನ್ನು ಆಳುವುದು ಗುರಿಹಲಗೆಯ ಬಳಿಯ ಕೆಂಪು ಹಸುರು ದೀಪಗಳು. ಅಮೆರಿಕದಲ್ಲಿ ರೂಪುಗೊಂಡ ‘ಪ್ರಾಕ್ಟಿಕಲ್ ಶೂಟಿಂಗ್’ ಪಂದ್ಯದಲ್ಲಿ ಮಾತ್ರ, ಗಳಿಸಿದ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಶಾಟ್ ಟೈಮರಿನ ನಿಜವಾದ ತವರು ಇದು.

ಕೊಳ್ಳಲೇಬೇಕಾದರೆ ನೋಡತಕ್ಕ ಅಂಶಗಳು ಕೆಲವಿವೆ. ಅದರ ಕಿವಿಯ ಚುರುಕನ್ನು ಹೆಚ್ಚು ಕಡಿಮೆ ಮಾಡುವ ಅನುಕೂಲವಿರಬೇಕು. ಮಂದವಾದರೆ .22 ರೈಫಲಿನ ಮೆಲುಸದ್ದು ತಪ್ಪಿಹೋಗುತ್ತದೆ. ಅತಿಯಾದರೆ ಪಕ್ಕದವನ ಈಡೂ, ಗೋಡೆಯ ಮಾರ್ದನಿಯೂ ಲೆಕ್ಕಕ್ಕೆ ಸೇರುತ್ತವೆ. ಕಿವಿರಕ್ಷೆ ಧರಿಸಿದವನಿಗೂ ಅದರ ಕೂಗು ಕೇಳಬೇಕು. ರಾಯಚೂರು ಸೀಮೆಯ ಬಿಸಿಲಿನಲ್ಲಿಯೂ ಅಂಕಿಗಳು ಕಾಣಬೇಕು. ಬ್ಯಾಟರಿ ಹತ್ತಿರದ ಅಂಗಡಿಯಲ್ಲಿ ದೊರೆಯುವಂಥದಾಗಿರಬೇಕು. ಮೊಬೈಲಿನ ಆ್ಯಪ್ ಅಗ್ಗವೇನೋ ಹೌದು. ಆದರೆ ಮಾತಿಗಾಗಿ ಮಾಡಿದ ಮೈಕು ಸಮೀಪದ ಸಿಡಿತವನ್ನು ಸರಿಯಾಗಿ ಗ್ರಹಿಸುವುದೆಂಬ ಭರವಸೆಯಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಪೆಟ್ಟಿಗೆ ಗುರಿಕಾರನಿಂದ ಮೂರೂವರೆ ಮೀಟರು ದೂರವಿದ್ದರೆ, ಕೂಗು ಅವನಿಗೆ ತಲುಪಲು ಒಂದು, ಈಡಿನ ಸದ್ದು ಮರಳಲು ಒಂದು—ಹೀಗೆ ನೂರರಲ್ಲಿ ಎರಡು ಪಾಲು ಸೆಕೆಂಡು ಹೆಚ್ಚುತ್ತದೆ. ಆದುದರಿಂದ ಪ್ರತಿದಿನವೂ ಅದನ್ನು ಒಂದೇ ದೂರದಲ್ಲಿರಿಸುವುದು, ಇಲ್ಲವೆ ಸೊಂಟಪಟ್ಟಿಗೆ ಸಿಕ್ಕಿಸುವುದು ಲೇಸು. ಇಲ್ಲದಿದ್ದರೆ ನಿನ್ನೆಗಿಂತ ಇಂದು ಚುರುಕಾದೆನೆಂಬ ಹಿಗ್ಗು ಬರಿಯ ಭ್ರಮೆಯಾದೀತು.

ಬರಿದಾದ ಬಂದೂಕಿನಿಂದ ಮಾಡುವ ಅಭ್ಯಾಸಕ್ಕೂ ಟೈಮರ್ ನೆರವಾಗುತ್ತದೆ: ಆರಂಭಕ್ಕೊಂದು ಕೂಗು, ಗಡುವು ಮುಗಿದಾಗ ಇನ್ನೊಂದು. ಆದರೆ ಕೋಣೆಯಲ್ಲಿ ಒಂದು ತೋಟಾ ಕೂಡ ಇರಕೂಡದು. ಬಂದೂಕು ಬರಿದೆಂಬುದನ್ನು ಎರಡು ಬಾರಿ ನೋಡಿಯೇ ಕೈಗೆತ್ತಿಕೊಳ್ಳಬೇಕು.

ಇಷ್ಟೆಲ್ಲ ಕೇಳಿದ ಮೇಲೆಯೂ ತರುಣನಿಗೆ ಯಂತ್ರದ ಮೇಲಿನ ಮೋಹ ಹರಿಯುವುದಿಲ್ಲ. ಆಗ ಕಾಕಾ ನಕ್ಕು ಹೀಗೆನ್ನಬಹುದು: “ಗುಂಡು ಯಾವಾಗ ಹೋತು ಅಂಬೋದು ಅದಕ್ಕ ಗೊತ್ತೈತಿ. ಎಲ್ಲಿ ಹೋತು ಅಂಬೋದು ಗೊತ್ತೈತೇನು?”

ಮಾತಿನ ಮರ್ಮ ಅಲ್ಲಿಯೇ ಇದೆ. ಕಣ್ಣು ಗುರಿ ಹಿಡಿಯುವ ಮೊದಲೇ ಬೆರಳು ಟ್ರಿಗರಿನ ಮೇಲೇರಿದರೆ, ಉಳಿತಾಯವಾದ ಕಾಲು ಸೆಕೆಂಡಿಗೆ ಮತ್ತೊಬ್ಬನ ಪ್ರಾಣವೇ ಬೆಲೆಯಾದೀತು. ಕೈಲ್‌ಪೊಳ್ದಿನ ದಿನ ಕೊಡಗಿನವರು ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಯಿ ಒಡೆಯಿತೇ ಎಂಬುದೊಂದೇ ಅಲ್ಲಿನ ಲೆಕ್ಕ. ಅಭ್ಯಾಸಿಯು ಮೊದಲು ಆ ಲೆಕ್ಕದಲ್ಲಿ ತೇರ್ಗಡೆಯಾಗಲಿ; ಸೆಕೆಂಡಿನ ಲೆಕ್ಕಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.