ಬೆಳ್ಳಿ ನಾಣ್ಯವನ್ನು ಉಜ್ಜಬಾರದು

ಮಧುಗಿರಿ, ಪಾವಗಡ ಸೀಮೆಯ ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇಂದಿಗೂ ಇರುವುದುಂಟು. ಹಬ್ಬ ಬಂದಿತೆಂದರೆ ಅದನ್ನು ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗುತ್ತಾರೆ. ಈ ರೂಢಿಯನ್ನು ಬಿಡಬೇಕೆಂಬುದು ನನ್ನ ಅಭಿಪ್ರಾಯ.

ಬೆಳ್ಳಿಯ ಮೇಲಿನ ಕಪ್ಪು ಬರಿಯ ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಸಂಯುಕ್ತಗಳೊಡನೆ ಬೆಳ್ಳಿಯೇ ಕೂಡಿ ಆದ ತೆಳುಪೊರೆ. ಅದನ್ನು ಉಜ್ಜಿದರೆ ಬೆಳ್ಳಿಯೂ ಹೋಗುತ್ತದೆ. ಮೊದಲು ಸವೆಯುವುವು ಉಬ್ಬಿದ ಭಾಗಗಳು: ರಾಣಿಯ ಕೆನ್ನೆ, ಕೂದಲಿನ ಎಳೆಗಳು. ತಜ್ಞರು ನಾಣ್ಯದ ದರ್ಜೆಯನ್ನು ನಿರ್ಣಯಿಸುವುದು ಮುಖ್ಯವಾಗಿ ಈ ಗೆರೆಗಳಿಂದಲೇ. ಷೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ, 1ರಿಂದ 70ರವರೆಗಿನ ಅಂಕಮಾನವು ಈಗ ಬೆಳ್ಳಿ ನಾಣ್ಯಗಳಿಗೂ ಬಳಕೆಯಲ್ಲಿದೆ.

ಬೆಳ್ಳಿಯ ಪ್ರಮಾಣವನ್ನರಿಯಲು ಒರೆಗಲ್ಲೂ ಬೇಡ. ಆರ್ಕಿಮಿಡೀಸನ ತತ್ತ್ವವೇ ಸಾಕು. 11.66 ಗ್ರಾಂ ತೂಗುವ ರೂಪಾಯಿಯನ್ನು ದಾರದಿಂದ ಇಳಿಬಿಟ್ಟು ನೀರಿನಲ್ಲಿ ತೂಗಿರಿ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದರೆ ತೂಕವು ಸುಮಾರು 1.13 ಗ್ರಾಂ ಕುಗ್ಗುತ್ತದೆ. 1940–45ರ ಅರ್ಧ ಬೆಳ್ಳಿಯ ರೂಪಾಯಿಯಾದರೆ ಸುಮಾರು 1.22 ಗ್ರಾಂ. ಕಾಲೇಜಿನ ಸೂಕ್ಷ್ಮ ತಕ್ಕಡಿಗೆ ಈ ಅಂತರ ಸುಲಭವಾಗಿ ತಿಳಿಯುತ್ತದೆ.

ವಿದ್ಯಾರ್ಥಿಗಳು ಈ ವಿಷಯವನ್ನು ಮನೆಯ ಹಿರಿಯರಿಗೆ ವಿನಯದಿಂದ ತಿಳಿಸಲಿ. ಉಜ್ಜಿ ಪಡೆದ ಹೊಳಪು ಮತ್ತೆ ಮಾಸುತ್ತದೆ. ಸವೆದ ಗೆರೆಯಾದರೋ ಮರಳಿ ಬಾರದು.