ವಕೀಲಿಯಿಂದ ಲೇಖನಿಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ತರುಣ ವಕೀಲನೊಬ್ಬನು ಕರಿಯ ಕೋಟನ್ನು ಗೂಟಕ್ಕೆ ತೂಗುಹಾಕಿ, ಸಾಮಾಜಿಕ ಜಾಲತಾಣಗಳಲ್ಲಿಯೂ ಬ್ಲಾಗುಗಳಲ್ಲಿಯೂ ಏನನ್ನು ಹೇಗೆ ಬರೆಯಬೇಕೆಂದು ವರ್ತಕರಿಗೆ ಸಲಹೆ ಕೊಡುವ ಕಸಬಿಗೆ ಇಳಿದರೆ, ಹಿರಿಯರು ಅವನನ್ನು ಹಳಿಯದೆ ಇರರು. ಇಷ್ಟು ಓದಿ ಕೊನೆಗೆ ಇದೇನು ಎಂಬುದು ಅವರ ಪ್ರಶ್ನೆಯು. ಈ ಹಳಿತವನ್ನು ನಾವು ಒಪ್ಪಲಾರೆವು.

ನಮ್ಮ ನಾಡಿನಲ್ಲಿ ಲೋಕಾಭಿಪ್ರಾಯವನ್ನು ಕಟ್ಟಿದವರಲ್ಲಿ ಅನೇಕರು ಕಾಯಿದೆ ಓದಿದವರೇ ಆಗಿದ್ದರು. ಲೋಕಮಾನ್ಯ ತಿಲಕರು ಆ ಪದವಿ ಪಡೆದೂ ವಕೀಲಿಗೆ ನಿಲ್ಲದೆ, 1881ರಲ್ಲಿ ಗೆಳೆಯರೊಡನೆ ‘ಕೇಸರಿ’ಯನ್ನು ಹೊರಡಿಸಿದರು. ಧಾರವಾಡದಲ್ಲಿ ವಕೀಲಿ ನಡೆಸಿದ್ದ ಆಲೂರ ವೆಂಕಟರಾಯರು ಅದನ್ನು ಬಿಟ್ಟು, 1922ರಲ್ಲಿ ‘ಜಯಕರ್ನಾಟಕ’ವನ್ನು ಆರಂಭಿಸಿದರು. ಕಾಯಿದೆಯ ಪದವೀಧರರಾದ ರಂಗನಾಥ ದಿವಾಕರರ ‘ಕರ್ಮವೀರ’ವು 1921ರದು. ಆದರೆ ಭೇದವನ್ನು ಮುಚ್ಚಿಡುವುದು ಸಲ್ಲದು. ಅವರ ಲೇಖನಿಗೆ ಹಣ ಕೊಡುವ ಕಕ್ಷಿಗಾರನಿರಲಿಲ್ಲ, ಇವರಿಗೆ ಇರುತ್ತಾನೆ.

ಕಕ್ಷಿಗಾರನಿರುವುದೇ ದೋಷವೆಂದು ನಾವು ಹೇಳುವುದಿಲ್ಲ. ನ್ಯಾಯಾಲಯದಲ್ಲಿಯೂ ವಕೀಲನು ಒಬ್ಬನ ಪರವಾಗಿಯೇ ವಾದಿಸುತ್ತಾನೆ. ಆದರೆ ಅಲ್ಲಿ ಎದುರಿಗೆ ಪ್ರತಿವಾದಿಯ ವಕೀಲನಿರುತ್ತಾನೆ, ಮೇಲೆ ನ್ಯಾಯಾಧೀಶರಿರುತ್ತಾರೆ, ಸಾಕ್ಷಿಗೆ ಪಾಟೀಸವಾಲು ಇರುತ್ತದೆ. ಅಂಗೈಯ ಮೊಬಾಯಿಲಿನಲ್ಲಿ ಈ ಮೂವರಲ್ಲಿ ಯಾರೂ ಇಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಏರಿತೆಂಬ ಒಂದು ಸುಳ್ಳು ಸಾಲು ರಾತ್ರಿ ಹೊರಟರೆ, ಬೆಳಗಾಗುವುದರೊಳಗೆ ದೂರದೂರದ ರೈತರು ಚೀಲ ತುಂಬಿಕೊಂಡು ಹೊರಟಿರುತ್ತಾರೆ. 2024ರ ಮಾರ್ಚ್ 11ರಂದು ದರ ಕುಸಿದುದನ್ನು ಕಂಡು ಕೆರಳಿದ ರೈತರು ಅಲ್ಲಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟುದನ್ನು ಯಾರೂ ಮರೆತಿರಲಾರರು. ಅದು ಸುಳ್ಳುಸುದ್ದಿಯ ಫಲವೆಂದು ನಾವು ಹೇಳುತ್ತಿಲ್ಲ. ದರದ ಮಾತು ಅಲ್ಲಿ ಎಷ್ಟು ಬೇಗ ಉರಿಯಾಗಬಲ್ಲದೆಂಬುದಕ್ಕೆ ಮಾತ್ರ ಉದಾಹರಿಸಿದೆವು. ಇಂತಹ ಸ್ಥಳದಲ್ಲಿ, ಆಧಾರವಿಲ್ಲದ ಮಾತನ್ನು ಆಡಬಾರದೆಂದು ಕಲಿತವನೇ ಬರೆಯುವುದು ಲೇಸಲ್ಲವೆ?

ಕಸಬು ಬದಲಿಸುವವರು ಸನದಿನ ವಿಷಯದಲ್ಲಿ ಮಾತ್ರ ಜಾಗರೂಕರಾಗಿರತಕ್ಕದ್ದು. ವಕೀಲನು ಜಾಹೀರಾತಿನಿಂದ ಕೆಲಸ ಅರಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ಹೇಳುತ್ತದೆ. ಸ್ವತಃ ವ್ಯಾಪಾರ ನಡೆಸಕೂಡದೆಂದು 47ನೆಯದು. 51ನೆಯ ನಿಯಮವು ಪತ್ರಿಕೋದ್ಯಮಕ್ಕೂ ಬೋಧನೆಗೂ ಕೆಲವು ಕಟ್ಟುಗಳೊಡನೆ ಎಡೆಗೊಡುತ್ತದೆಯಾದರೂ, ಸಂಭಾವನೆ ಪಡೆದು ಪರರ ಸರಕನ್ನು ಹೊಗಳುವ ಉದ್ಯೋಗಕ್ಕೆ ಅದನ್ನು ಹಿಗ್ಗಿಸುವುದು ನಮಗೆ ಸರಿದೋರುವುದಿಲ್ಲ. ಎರಡು ದೋಣಿಗಳಲ್ಲಿ ಕಾಲಿಡುವುದಕ್ಕಿಂತ ರಾಜ್ಯ ಪರಿಷತ್ತಿಗೆ ಬರೆದುಕೊಟ್ಟು ವಕೀಲಿಯನ್ನು ನಿಲ್ಲಿಸಿಬಿಡುವುದೇ ಮರ್ಯಾದೆಯ ಮಾರ್ಗವು.

ಕೆಲಸಕ್ಕೇನೂ ಬರವಿಲ್ಲ. ಹಾವೇರಿಯ ಏಲಕ್ಕಿ ಹಾರಕ್ಕೂ ರಾಣೇಬೆನ್ನೂರಿನ ಬೀಜದ ವ್ಯಾಪಾರಕ್ಕೂ ಕನ್ನಡದಲ್ಲಿ ನೆಟ್ಟಗೆ ಬರೆಯಬಲ್ಲವರು ಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ; ಆ ಹೆಸರಿನಲ್ಲಿ ಬೇರೆ ಕಾಯಿ ಮಾರುವವರನ್ನು ಗುರುತಿಸಲು ಕಾಯಿದೆ ಬಲ್ಲವನಿಗಿಂತ ಯೋಗ್ಯನಾರು? ಮುಂದಿನ ಸುಗ್ಗಿಯಲ್ಲಿ ಅಂತಹನೊಬ್ಬನು ಮಾರುಕಟ್ಟೆಯ ದಿನಗಳಂದು ಸಂಜೆ ಡಬ್ಬಿ, ಕಡ್ಡಿಗಳ ಆವಕವನ್ನೂ ಕನಿಷ್ಠ, ಗರಿಷ್ಠ ದರಗಳನ್ನೂ ಪರೀಕ್ಷಿಸಿ ಬರೆಯಲಿ. ತನಗೆ ಹಣ ಕೊಡುವವರು ಯಾರೆಂಬುದನ್ನೂ ಅದರ ಕೆಳಗೇ ತಿಳಿಸಲಿ.