ಯಾವ ಪಾಲಿಸಿ? ಎಲ್‌ಐಸಿದಾ?

ಕಳೆದ ಭಾನುವಾರ ಗೋಕುಲಂನಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಪಿಎಚ್‌ಡಿ ಮಾಡ್ತಾಳಂತೆ. ವಿಷಯ, ಜಾಗತಿಕ ಮಾಧ್ಯಮ ಪಾಲಿಸಿ. "ಯಾವ ಪಾಲಿಸಿ? ಎಲ್‌ಐಸಿದಾ?" ಅಂದರು ಭಾವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಮಾತ್ರ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ವಾಪಸ್ ಬರುವಾಗ ಯಾದವಗಿರಿಯ ಆಕಾಶವಾಣಿ ಕಣ್ಣಿಗೆ ಬಿತ್ತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಅಲ್ಲೇ ಹತ್ತಿರದ ತಮ್ಮ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು. ಮೈಸೂರಿನವರು ಇದನ್ನ ಎದೆಯುಬ್ಬಿಸಿ ಹೇಳ್ತೀವಿ.

ಸರಿ ಸ್ವಾಮಿ, ಇವತ್ತು ನೀವು ಮನೆಯಲ್ಲೊಂದು ರೇಡಿಯೋ ನಿಲಯ ಶುರು ಮಾಡಿ ನೋಡೋಣ. ಒಬ್ಬ ವ್ಯಕ್ತಿಗೆ ಲೈಸೆನ್ಸೇ ಕೊಡೋದಿಲ್ಲ! ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು, ಅದೂ ಕ್ರಿಕೆಟ್ ಪ್ರಸಾರದ ಜಗಳದಲ್ಲಿ. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 2003ರಲ್ಲಿ 'ನಮ್ಮ ಧ್ವನಿ'ಯನ್ನ ಗಾಳಿಯಲ್ಲಿ ಬಿಡುವಂತಿರಲಿಲ್ಲ. ಕೇಬಲ್ ಎಳೆದು ಮನೆಮನೆಗೆ ಕೇಳಿಸಬೇಕಾಯ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋಗೆ ದಾರಿ ಬಿಟ್ಟದ್ದು 2006ರಲ್ಲಿ. ಈಗಲೂ ಅಲ್ಲಿ ತಮ್ಮೂರಿನ ಸುದ್ದಿಯನ್ನ ತಾವೇ ವಾರ್ತೆ ಮಾಡಿ ಓದುವ ಹಾಗಿಲ್ಲ. ಆಕಾಶವಾಣಿಯದನ್ನೇ ಮರುಪ್ರಸಾರ ಮಾಡಬೇಕು.

ಇದೇ ಕಣ್ರೀ ಪಾಲಿಸಿ ಅಂದ್ರೆ. ಯಾರು ಮಾತಾಡಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ಯಾವುದೋ ಫೈಲಿನಲ್ಲಿ ತೀರ್ಮಾನವಾಗಿರತ್ತೆ. ರೇಡಿಯೋ ತರಂಗಗಳ ಹಂಚಿಕೆಯ ಮೂಲ ನಿಯಮಗಳಂತೂ ಜಿನೀವಾದಲ್ಲಿರೋ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆಯಿಂದ ಬರ್ತವೆ. ಆ ಫೈಲುಗಳನ್ನ ಜೀವಮಾನವಿಡೀ ಓದುವವರೊಬ್ಬರು ಬೇಡವೇ? ಬ್ಲಾಗಿಗರೇ, ನಮಗಾದದ್ದು ಮರೆತುಹೋಯ್ತಾ? 2006ರ ಜುಲೈನಲ್ಲಿ ಸರ್ಕಾರ ಬೆರಳೆಣಿಕೆಯ ಪುಟಗಳನ್ನ ತಡೆಯಿರಿ ಅಂದರೆ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತಿದ್ದವು. ಆಗ ನಮ್ಮಲ್ಲಿ ಎಷ್ಟು ಜನಕ್ಕೆ ಆ ಆದೇಶ ಎಲ್ಲಿಂದ ಬಂತು ಅಂತ ಗೊತ್ತಿತ್ತು? ಬೈದುಕೊಂಡು ಸುಮ್ಮನಾದೆವು ಅಷ್ಟೇ.

ತಪ್ಪು ಪಂಡಿತರದ್ದೂ ಇದೆ. ಬರೆಯೋದೆಲ್ಲ ಇಂಗ್ಲಿಷಿನಲ್ಲಿ, ಓದೋದು ಇನ್ನೊಬ್ಬ ಪಂಡಿತ. ಬೂದಿಕೋಟೆಯವರ ಮೇಲೆ ಬರೆದ ಪ್ರಬಂಧವನ್ನ ಬೂದಿಕೋಟೆಯವರು ಓದುವ ಹಾಗಿರಬೇಡವೇ? ಅರ್ಥವಾಗದ್ದನ್ನ ಕಂಡು ಭಾವ ನಗದೆ ಇನ್ನೇನು ಮಾಡಿಯಾರು?

ರಾತ್ರಿ ಹುಡುಗಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. "ಮಾಡಮ್ಮ ನೀನು. ಆದರೆ ಒಂದು ಅಧ್ಯಾಯವನ್ನಾದರೂ ಕನ್ನಡದಲ್ಲಿ ಬರಿ. ಮೊದಲು ನಿಮ್ಮಪ್ಪನಿಗೆ ಓದಿಸು" ಅಂದೆ.

"ಬರೀತೀನಿ ಮಾವ, ನೀವೂ ಓದಬೇಕು" ಅಂದಳು. ಓದ್ತೀನಿ. ನೀವು?